ನಿಷ್ಕಪಟ ಪ್ರೀತಿಯೂ ವ್ಯಂಗ್ಯವೂ: ಉತ್ತಂಗಿ ಚೆನ್ನಪ್ಪನವರ ನಿದರ್ಶನ

ವ್ಯಂಗ್ಯವು ಸತ್ಯವೇದಕ್ಕೆ ಹೊರಗಿನದಲ್ಲ. ಕರ್ಮೆಲ್ ಬೆಟ್ಟದಲ್ಲಿ ಎಲೀಯನು ಬಾಳನ ಪ್ರವಾದಿಗಳನ್ನು ಪರಿಹಾಸ್ಯ ಮಾಡಿದನು (1 ಅರಸುಗಳು 18:27). ಆದರೆ ಹಾಗೆ ನಕ್ಕವನೇ ಹಾಳಾಗಿದ್ದ ಯಜ್ಞವೇದಿಯನ್ನು ಕಟ್ಟಿದನು. ಜನರ ಮನಸ್ಸು ದೇವರ ಕಡೆಗೆ ತಿರುಗಲೆಂದು ಬೇಡಿದನು. ಕಟ್ಟುವವನ ಕೈಯಲ್ಲಿ ವ್ಯಂಗ್ಯವು ಒಂದು ಉಪಕರಣ. ಏನನ್ನೂ ಕಟ್ಟದವನಿಗೆ ಅದು ಅಡಗುತಾಣ. ಅಲ್ಲಿ ಹೃದಯವು ಲವೊದಿಕೀಯ ಸಭೆಯಂತೆ ಉಗುರುಬೆಚ್ಚಗಾಗುತ್ತದೆ.

ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ ಪೌಲನು ಎರಡು ಗುಣಗಳನ್ನು ಹತ್ತಿರ ಹತ್ತಿರವೇ ಇರಿಸುತ್ತಾನೆ. 9ನೆಯ ವಚನದಲ್ಲಿ ಪ್ರೀತಿಗೆ ಅವನು ಕೊಡುವ ಗ್ರೀಕ್ ವಿಶೇಷಣ ‘ಅನುಪೊಕ್ರಿತೊಸ್’, ಅಂದರೆ ನಟನೆಯಿಲ್ಲದ್ದು. 11ನೆಯದರಲ್ಲಿ ಉತ್ಸಾಹಕ್ಕೆ ಬಳಸುವ ಕ್ರಿಯಾಪದದ ಮೂಲಾರ್ಥ ಕುದಿಯುವುದು. ಮುಖವಾಡ ಕಳಚದೆ ಮನಸ್ಸು ಕುದಿಯದು.

ಇದಕ್ಕೆ ನಮ್ಮ ನಾಡಿನ ನಿದರ್ಶನ ಬಾಸೆಲ್ ಮಿಷನ್ ಸಭೆಯ ರೆವರೆಂಡ್ ಉತ್ತಂಗಿ ಚೆನ್ನಪ್ಪನವರು. ಧಾರವಾಡದಲ್ಲಿ 1881ರಲ್ಲಿ ಜನಿಸಿದ ಅವರು ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ, ಪರಿಷ್ಕರಿಸಿ, 1924ರಲ್ಲಿ ಪ್ರಕಟಿಸಿದರು. ಜಾತಿಯನ್ನೂ ಡಾಂಭಿಕ ಆಚಾರವನ್ನೂ ಇರಿಯುವ ಆ ಪದ್ಯಗಳಿಂದ ನಾಲ್ಕನ್ನು ಆಯ್ದು ಅನ್ಯಧರ್ಮದವರನ್ನು ಅಣಕಿಸುವುದು ಒಬ್ಬ ಸುವಾರ್ತಿಕನಿಗೆ ಸುಲಭವಿತ್ತು. ಉತ್ತಂಗಿಯವರು ಅದರ ಬದಲು ಇಡಿಯ ಕವಿಯನ್ನೇ ಪ್ರೀತಿಸಿದರು. ಕವಿಯ ವ್ಯಂಗ್ಯದ ಹಿಂದಿದ್ದ ನೋವನ್ನು ಅವರ ಶ್ರದ್ಧೆ ಗುರುತಿಸಿತು. ತಮ್ಮ ವಿಶ್ವಾಸವನ್ನು ಮುಚ್ಚಿಡದ ಈ ಸಭಾಪಾಲಕರನ್ನು ಕನ್ನಡಿಗರು 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿದರು.

ಉತ್ಸಾಹವು ಕುರುಡಾಗದೆ ಎಂದು ಕೇಳಬಹುದು. ಜ್ಞಾನವಿಲ್ಲದ ಆಸಕ್ತಿಯ ವಿಷಯದಲ್ಲಿ ಪೌಲನೇ ಎಚ್ಚರಿಸಿದ್ದಾನೆ (ರೋಮಾ 10:2). ಅದಕ್ಕೆ ಮದ್ದು ಉದಾಸೀನವಲ್ಲ, ಪರಿಶ್ರಮ. ಪದ್ಯ ಪದ್ಯವನ್ನೂ ಕೂಡಿಸಿ ತಿದ್ದಿದ ಉತ್ತಂಗಿಯವರ ದುಡಿಮೆಯಲ್ಲಿ ಪ್ರೀತಿಯೇ ವಿಮರ್ಶೆಯನ್ನು ಕಲಿಯಿತು.

ನಾಳೆ ನಮ್ಮಲ್ಲೊಬ್ಬರು ನರಗುಂದ ಸೀಮೆಯ ಚಿಕ್ಕನರಗುಂದದಂಥ ಎರೆನೆಲದ ಹಳ್ಳಿಯಲ್ಲಿ ಪ್ರಸಂಗಕ್ಕೆ ನಿಲ್ಲಬಹುದು. ಮಳೆಗಾಗಿ ಕಣ್ಣೀರಿಟ್ಟು ಪ್ರಾರ್ಥಿಸುವ ರೈತನ ಮಾತಿನಲ್ಲಿ ದೈವಶಾಸ್ತ್ರದ ತಪ್ಪುಗಳು ನಮ್ಮ ಕಿವಿಗೆ ಬೀಳಬಹುದು. ಒಳಗೊಳಗೇ ನಕ್ಕರೆ ಯಾರಿಗೂ ತಿಳಿಯದು. ಆದರೆ ಆ ದಿನದಿಂದ ನಮ್ಮ ಪ್ರಾರ್ಥನೆಯೂ ನಟನೆಯಾಗತೊಡಗುತ್ತದೆ. ಮೊದಲು ಅವನೊಡನೆ ಮಳೆಗಾಗಿ ಬೇಡೋಣ. ಬೋಧಿಸುವ ಅಧಿಕಾರವು ಅನಂತರ ದೊರೆಯುವುದು.