ಬ್ಯಾಟರಿ ಬದಲಾವಣೆಯ ನಂತರ ಎಂಜಿನ್ ತೊಂದರೆ: ಕಾರಣ ಮತ್ತು ಪರಿಹಾರ

ಕಾರಿನ ಹಳೆಯ ಬ್ಯಾಟರಿಯನ್ನು ತೆಗೆದು ಹೊಸದನ್ನು ಅಳವಡಿಸಿದ ಮೇಲೆ ಎಂಜಿನ್ ಹಿಂದಿಗಿಂತಲೂ ಸುಗಮವಾಗಿ ನಡೆಯಬೇಕೆಂಬ ನಿರೀಕ್ಷೆ ಸಹಜವಾದುದು. ಆದರೆ ಕೆಲವು ಕಾರುಗಳಲ್ಲಿ ಇದಕ್ಕೆ ವ್ಯತಿರಿಕ್ತವಾದ ಅನುಭವವಾಗುತ್ತದೆ. ಎಂಜಿನ್ ಸುಲಭವಾಗಿ ಸ್ಟಾರ್ಟ್ ಆದರೂ ಸಿಗ್ನಲ್ ಬಳಿ ನಿಂತಾಗ ನಡುಗುತ್ತದೆ, ಎ.ಸಿ. ಹಾಕಿದೊಡನೆ ನಿಂತುಹೋಗುತ್ತದೆ, ಎಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸುತ್ತದೆ. ಆಗ ಹೊಸ ಬ್ಯಾಟರಿಯೇ ಸರಿಯಿಲ್ಲವೆಂದೋ, ಪೆಟ್ರೋಲ್ ಪಂಪ್ ಕೆಟ್ಟಿದೆಯೆಂದೋ ಭಾವಿಸಿ ಬಿಡಿಭಾಗಗಳಿಗೆ ಹಣ ವ್ಯಯಿಸುವವರುಂಟು. ಕ್ರಮಬದ್ಧವಾಗಿ ಪರಿಶೀಲಿಸಿದಲ್ಲಿ ಈ ವೆಚ್ಚವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ತೊಂದರೆಯ ಮೂಲ

ಕಾರ್ಬುರೇಟರ್ ಇದ್ದ ಹಿಂದಿನ ಕಾರುಗಳಲ್ಲಿ ಎಂಜಿನ್ನಿನ ನಿಂತ ವೇಗವನ್ನು ಒಂದು ಸ್ಕ್ರೂ ತಿರುಗಿಸಿ ನಿಗದಿಪಡಿಸಲಾಗುತ್ತಿತ್ತು. ಬ್ಯಾಟರಿ ತೆಗೆದರೂ ಆ ಸ್ಕ್ರೂ ಇದ್ದಲ್ಲಿಯೇ ಇರುತ್ತಿತ್ತು. ಇಂದಿನ ಪೆಟ್ರೋಲ್ ಕಾರುಗಳಲ್ಲಿ, ಅಂದರೆ ದೇಶಾದ್ಯಂತ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದ ಕಾರುಗಳಲ್ಲಿಯೂ ಅದಕ್ಕಿಂತ ಮೊದಲಿನ ಇಂಜೆಕ್ಷನ್ ಕಾರುಗಳಲ್ಲಿಯೂ, ಈ ಕಾರ್ಯವನ್ನು ಒಂದು ಎಲೆಕ್ಟ್ರಾನಿಕ್ ನಿಯಂತ್ರಣ ಘಟಕವು ನಿರ್ವಹಿಸುತ್ತದೆ. ಒಳಬರುವ ಗಾಳಿ, ಎಂಜಿನ್ನಿನ ಉಷ್ಣತೆ, ಹೊಗೆಯಲ್ಲಿರುವ ಆಮ್ಲಜನಕ ಇವುಗಳನ್ನು ಗಮನಿಸಿ ಅದು ಇಂಧನದ ಪ್ರಮಾಣವನ್ನು ನಿರ್ಧರಿಸುತ್ತದೆ.

ವರ್ಷಗಳ ಬಳಕೆಯಲ್ಲಿ, ಗಾಳಿಯನ್ನು ಒಳಬಿಡುವ ಥ್ರಾಟಲ್ ತಟ್ಟೆಯ ಅಂಚಿನಲ್ಲಿ ಮಸಿ ಕಟ್ಟಿಕೊಂಡು ಗಾಳಿಯ ದಾರಿ ಕಿರಿದಾಗುತ್ತದೆ. ನಿಯಂತ್ರಣ ಘಟಕವು ಇದನ್ನು ಅರಿತು, ದಾರಿಯನ್ನು ತುಸು ಹೆಚ್ಚು ತೆರೆಯಲು ಕಲಿತು, ಆ ಅಳತೆಯನ್ನು ನೆನಪಿನಲ್ಲಿರಿಸಿಕೊಳ್ಳುತ್ತದೆ. ಅನೇಕ ಕಾರುಗಳಲ್ಲಿ ಈ ನೆನಪು ಉಳಿಯುವುದು ಬ್ಯಾಟರಿಯ ವಿದ್ಯುತ್ತಿನ ಆಧಾರದಿಂದ. ಬ್ಯಾಟರಿ ಕಳಚಿದಾಗ ಅದು ಅಳಿಸಿಹೋಗಿ, ಕಾರ್ಖಾನೆಯ ಮೂಲ ಅಳತೆ ಮರಳುತ್ತದೆ. ಮಸಿ ಮಾತ್ರ ಹಾಗೆಯೇ ಇರುತ್ತದೆ. ಗಾಳಿ ಸಾಲದೆ ಎಂಜಿನ್ ನಡುಗುತ್ತದೆ. ಅಷ್ಟು ದಿನ ಮರೆಯಲ್ಲಿದ್ದ ದೋಷವು ಈಗ ಹೊರಬಿತ್ತೆಂದು ತಿಳಿಯಬೇಕು.

ನಿರ್ಲಕ್ಷ್ಯ ಸಲ್ಲದು

ಚಲಿಸುತ್ತಿರುವಾಗ ಎಂಜಿನ್ ನಿಂತರೆ ಬ್ರೇಕಿಗೆ ನೆರವಾಗುವ ನಿರ್ವಾತವು ಮತ್ತೆ ಉತ್ಪತ್ತಿಯಾಗುವುದಿಲ್ಲ. ಕೆಲವೇ ಬಾರಿ ಒತ್ತಿದ ಮೇಲೆ ಪೆಡಲ್ ಗಟ್ಟಿಯಾಗುತ್ತದೆ. ಪವರ್ ಸ್ಟಿಯರಿಂಗ್ ಕೂಡ ಭಾರವಾಗಬಹುದು. ಮುಂಬಯಿ-ಪುಣೆ ಮಾರ್ಗದ ಖಂಡಾಲಾ ಘಟ್ಟದಂತಹ ಇಳಿಜಾರಿನಲ್ಲಿ ಇದು ಪ್ರಾಣಾಪಾಯಕ್ಕೆ ಎಡೆಮಾಡಿಕೊಡಬಲ್ಲದು. ಆದುದರಿಂದ ಎಂಜಿನ್ ಸ್ಥಿರವಾಗಿ ನಡೆಯುವುದನ್ನು ಖಚಿತಪಡಿಸಿಕೊಳ್ಳದೆ ದೂರ ಪ್ರಯಾಣ ಕೈಗೊಳ್ಳಬಾರದು.

ಪರಿಶೀಲನೆಯ ಕ್ರಮ

1. ಎಂಜಿನ್ ನಿಲ್ಲಿಸಿ ಬ್ಯಾಟರಿಯ ಎರಡೂ ಟರ್ಮಿನಲ್‌ಗಳನ್ನು ನೋಡಬೇಕು. ಕ್ಲಾಂಪ್ ಕೈಯಿಂದ ಅಲುಗಾಡಿದರೆ ಬಿಗಿಗೊಳಿಸಬೇಕು. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಕ್ಲಾಂಪ್ ಕಳಚಿ ಸ್ವಚ್ಛಗೊಳಿಸಬೇಕು. ಬಾಡಿಗೆ ಜೋಡಿಸಿರುವ ಅರ್ತ್ ವೈರನ್ನೂ ಪರೀಕ್ಷಿಸಬೇಕು.

2. ಬ್ಯಾಟರಿ ತೆಗೆಯಲು ಏರ್ ಫಿಲ್ಟರ್ ಪೆಟ್ಟಿಗೆಯನ್ನು ಸರಿಸಿದ್ದರೆ, ಅದರ ಪೈಪ್ ಮತ್ತು ಸಣ್ಣ ರಬ್ಬರ್ ಕೊಳವೆಗಳು ಸ್ವಸ್ಥಾನದಲ್ಲಿವೆಯೇ ಎಂದು ನೋಡಬೇಕು. ಕಳಚಿದ ಕೊಳವೆಯ ಮೂಲಕ ಗಾಳಿ ನುಗ್ಗಿದರೂ ಇದೇ ಲಕ್ಷಣಗಳು ಕಾಣಿಸುತ್ತವೆ.

3. ಮಲ್ಟಿಮೀಟರಿನಿಂದ ಅಳೆದಾಗ, ಪೂರ್ಣ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿಯು ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ನಡೆಯುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರುತ್ತದೆ. ಅದು 13 ವೋಲ್ಟಿಗಿಂತ ಕೆಳಗೇ ಉಳಿದರೆ ಆಲ್ಟರ್ನೇಟರನ್ನು ಪರೀಕ್ಷಿಸುವುದು ಸೂಕ್ತ.

4. ಇವೆಲ್ಲವೂ ಸರಿಯಿದ್ದಲ್ಲಿ ನಿಯಂತ್ರಣ ಘಟಕಕ್ಕೆ ಮತ್ತೆ ಕಲಿಯಲು ಅವಕಾಶ ನೀಡಬೇಕು. ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ದೀಪ ಮತ್ತು ಎ.ಸಿ.ಗಳನ್ನು ಆರಿಸಿ, ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಎಕ್ಸಿಲರೇಟರ್ ಒತ್ತದೆ ನಡೆಸಬೇಕು. ಆ ಬಳಿಕ ಸುಮಾರು ಹತ್ತು ನಿಮಿಷ ಹಾಗೆಯೇ ಬಿಟ್ಟು, ಅನಂತರ ಎ.ಸಿ. ಹಾಕಿ ಇನ್ನು ಕೆಲವು ನಿಮಿಷ ನಡೆಸಬೇಕು. ಎಂಜಿನ್ ಸ್ಥಿರವಾದರೆ ಸಂಚಾರ ಕಡಿಮೆಯಿರುವ ರಸ್ತೆಯಲ್ಲಿ ಬೇರೆ ಬೇರೆ ವೇಗಗಳಲ್ಲಿ ಓಡಿಸಬೇಕು. ಈ ವಿಧಾನವು ಕಾರಿನಿಂದ ಕಾರಿಗೆ ಭಿನ್ನವಾಗಿರುವುದರಿಂದ ಕಾರಿನ ಕೈಪಿಡಿಯ ಸೂಚನೆಯನ್ನೇ ಅನುಸರಿಸತಕ್ಕದ್ದು. ಮುಚ್ಚಿದ ಗ್ಯಾರೇಜಿನಲ್ಲಾಗಲಿ, ಕಟ್ಟಡದ ನೆಲಮಾಳಿಗೆಯಲ್ಲಾಗಲಿ ಇದನ್ನು ಮಾಡಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಮಾರಕ ಅನಿಲ.

5. ಆಗಲೂ ತೊಂದರೆ ಉಳಿದರೆ ಅಥವಾ ಎಂಜಿನ್ ಚಿತ್ರದ ಎಚ್ಚರಿಕೆ ದೀಪ ಉರಿಯುತ್ತಿದ್ದರೆ ಮೆಕ್ಯಾನಿಕ್ ಬಳಿ ಹೋಗಬೇಕು. ಥ್ರಾಟಲ್ ಭಾಗದ ಮಸಿಯನ್ನು ತೆಗೆಸಿ, ಸ್ಕ್ಯಾನರ್ ಮೂಲಕ ದೋಷದ ಸಂಕೇತವನ್ನು ಓದಿಸಬೇಕು. ಬ್ಯಾಟರಿ ಬದಲಾಯಿಸಿದ ದಿನದಿಂದಲೇ ತೊಂದರೆ ಆರಂಭವಾಯಿತೆಂಬುದನ್ನು ತಪ್ಪದೆ ತಿಳಿಸಬೇಕು. ಈ ಒಂದು ಮಾತು ಅನಾವಶ್ಯಕ ರಿಪೇರಿಯನ್ನು ತಪ್ಪಿಸಬಲ್ಲದು.

ಬ್ಯಾಟರಿ ಬದಲಾಯಿಸುವಾಗ ಎಚ್ಚರಿಕೆ

ಎಂಜಿನ್ ನಡೆಯುತ್ತಿರುವಾಗ ಎಂದಿಗೂ ಬ್ಯಾಟರಿ ಕಳಚಬಾರದು. ಹಠಾತ್ತನೆ ಏರುವ ವೋಲ್ಟೇಜು ನಿಯಂತ್ರಣ ಘಟಕವನ್ನೇ ಹಾಳುಮಾಡಬಹುದು. ಕಳಚುವಾಗ ಮೈನಸ್ ಗುರುತಿನ ತಂತಿಯನ್ನು ಮೊದಲು ತೆಗೆದು, ಜೋಡಿಸುವಾಗ ಅದನ್ನು ಕೊನೆಗೆ ಹಾಕಬೇಕು. ಹೀಗೆ ಮಾಡಿದರೆ ಪ್ಲಸ್ ತುದಿಯಲ್ಲಿರುವ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಪ್ಲಸ್, ಮೈನಸ್ ಅದಲುಬದಲಾದರೆ ಫ್ಯೂಸ್ ಮತ್ತು ಆಲ್ಟರ್ನೇಟರ್ ಸುಡಬಹುದು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಹತ್ತಿರದಲ್ಲಿ ಬೆಂಕಿ, ಬೀಡಿ ಸಲ್ಲದು.

ಹಳೆಯ ಬ್ಯಾಟರಿಯಲ್ಲಿ ಸೀಸ ಮತ್ತು ಗಂಧಕಾಮ್ಲ ಇರುತ್ತವೆ. ಅದನ್ನು ಬೀದಿಯ ಗುಜರಿಗೆ ಕೊಡದೆ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ಅನುಗುಣವಾಗಿ ಮರುಬಳಕೆಗೆ ಹೋಗುವಂತೆ ಮಾರಾಟಗಾರರಿಗೇ ಹಿಂದಿರುಗಿಸುವುದು ಉಚಿತ. ಇದರಿಂದ ನೆಲ ಮತ್ತು ನೀರು ಸೀಸದ ವಿಷದಿಂದ ಪಾರಾಗುತ್ತವೆ.