ನಿಮಗಿದು ಗೊತ್ತೆ? ಹೆಲ್ಸಿಂಕಿಯ ಚಳಿಗೂ ಲೆಕ್ಕವಿದೆ!

ಮನೆಗಳನ್ನು ಬೆಚ್ಚಗಿಡಲು ಒಂದು ನಗರಕ್ಕೆ ಎಷ್ಟು ಶಾಖ ಬೇಕು? ಇದನ್ನು ಅಳೆಯಲು ‘ಹೀಟಿಂಗ್ ಡಿಗ್ರಿ ಡೇ’ ಎಂಬ ಲೆಕ್ಕವಿದೆ. ಫಿನ್ಲೆಂಡ್‌ನಲ್ಲಿ ಇದಕ್ಕೆ 17 ಡಿಗ್ರಿ ಸೆಲ್ಸಿಯಸ್ ಆಧಾರ. ಅದಕ್ಕೂ ಮೇಲಿನ ಬೆಚ್ಚನೆಯನ್ನು ಬಿಸಿಲು, ಮನೆಮಂದಿ, ದೀಪ, ಒಲೆಗಳೇ ಒದಗಿಸುತ್ತವೆ. ರಾಜಧಾನಿ ಹೆಲ್ಸಿಂಕಿಯಲ್ಲಿ ಒಂದು ದಿನದ ಸರಾಸರಿ ಉಷ್ಣಾಂಶ ಮೈನಸ್ 5 ಡಿಗ್ರಿ ಇತ್ತೆನ್ನಿ. ಆ ದಿನದ ಲೆಕ್ಕಕ್ಕೆ 22 ಸೇರುತ್ತದೆ. 7 ಡಿಗ್ರಿ ಇದ್ದರೆ ಬರೀ 10. ಹೀಗೆ ದಿನದಿನದ ಅಂಕಿ ಕೂಡಿಸಿದರೆ ವರ್ಷದ ಮೊತ್ತ ಸಿಗುತ್ತದೆ.

ಫಿನ್ಲೆಂಡ್ ಜಾಗತಿಕ ಸರಾಸರಿಗಿಂತ ವೇಗವಾಗಿ ಬಿಸಿಯಾಗುತ್ತಿದೆ. ಹಾಗಾಗಿ ಈ ಮೊತ್ತ ದಶಕಗಳಿಂದ ಇಳಿಮುಖವಾಗಿದೆ. ಆದರೂ ಕೊರೆಯುವ ಚಳಿ ಬಂದ ವರ್ಷ ಅದು ಮತ್ತೆ ಏರುತ್ತದೆ. ಅದಕ್ಕಾಗಿಯೇ 30 ವರ್ಷಗಳ ಸರಾಸರಿಯೊಂದಿಗೆ ಹೋಲಿಸಿ ನೋಡುತ್ತಾರೆ. ಚಳಿ ಏರಲಿ, ಇಳಿಯಲಿ, ಸ್ನಾನದ ಬಿಸಿನೀರಿನ ಬೇಡಿಕೆ ಮಾತ್ರ ವರ್ಷವಿಡೀ ಇದ್ದೇ ಇರುತ್ತದೆ.

ಹೆಲ್ಸಿಂಕಿಯ ಬಹುತೇಕ ಕಟ್ಟಡಗಳಿಗೆ ಶಾಖ ತಲುಪುವುದು ನೆಲದಡಿಯ ಕೊಳವೆಗಳಲ್ಲಿ ಹರಿಯುವ ಬಿಸಿನೀರಿನಿಂದ. ಕತ್ರಿ ವಾಲಾ ಉದ್ಯಾನದ ಅಡಿ ಬಂಡೆ ಕೊರೆದು ಕಟ್ಟಿದ ಸ್ಥಾವರವು ಶುದ್ಧೀಕರಿಸಿದ ಚರಂಡಿ ನೀರಿನಲ್ಲಿ ಉಳಿದ ಶಾಖವನ್ನೂ ಹೀರಿ ಮನೆಗಳಿಗೆ ಕೊಡುತ್ತದೆ. ಇದೇ ಕೊಳವೆಗಳಿಗೆ ಶಾಖ ಕೊಡುತ್ತಿದ್ದ ನಗರದ ಸಾಲ್ಮಿಸಾರಿ ಕಲ್ಲಿದ್ದಲು ಸ್ಥಾವರ 2025ರಲ್ಲಿ ಮುಚ್ಚಿತು.

ಚಳಿ ತಗ್ಗಿದರೆ ಇಂಧನ ಉಳಿಯುವುದೇನೋ ನಿಜ. ಆದರೆ ಅದಕ್ಕೆ ಕಾರಣವಾದ ತಾಪಮಾನ ಏರಿಕೆಯೇ ಬೇಸಿಗೆಯಲ್ಲಿ ತಂಪಿನ ಬೇಡಿಕೆಯನ್ನು ಹೆಚ್ಚಿಸುತ್ತದೆ. ಆದ್ದರಿಂದ ಇದನ್ನು ಬರೀ ಲಾಭವೆಂದು ಬರೆದುಕೊಳ್ಳುವಂತಿಲ್ಲ.