ಬರದ ಸೀಮೆಯ ಬದುಗಳಿಗೆ ನಾಡಿನ ಗಿಡಗಳು

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದ ಮಧ್ಯ ಒಣವಲಯಕ್ಕೆ ಸೇರಿವೆ. ಈ ವಲಯದ ವಾರ್ಷಿಕ ಮಳೆ ಸುಮಾರು 450ರಿಂದ 720 ಮಿ.ಮೀ. ಮಳೆ ಕಡಿಮೆ ಎಂಬುದಕ್ಕಿಂತ ಅದು ಯಾವಾಗ ಬರುವುದೆಂದು ಹೇಳಲಾಗದಿರುವುದೇ ದೊಡ್ಡ ತೊಂದರೆ. ಮುಂಗಾರಿನಲ್ಲಿ ಬಿತ್ತಿದ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಒಣಗುವುದು ಇಲ್ಲಿ ಅಪರೂಪವಲ್ಲ. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷ ಬೆಳೆ ಕೈಕೊಟ್ಟರೂ ಬದುವಿನ ಗಿಡಗಳು ಕುರಿಗೆ ಸೊಪ್ಪು, ಒಲೆಗೆ ಸೌದೆ, ಮನೆಗೆ ಹಣ್ಣು ಕೊಡಬಲ್ಲವು. ಆದರೆ ಅವು ಈ ನೆಲಕ್ಕೆ ಒಗ್ಗಿದ ಗಿಡಗಳಾಗಿರಬೇಕು.

ಗಿಡಗಳ ಆಯ್ಕೆ

ಕಮರ: ಕಲ್ಲುಮಿಶ್ರಿತ ತೆಳು ಮಣ್ಣಿಗೆ ಸೂಕ್ತ. ಎಲೆ ಒಳ್ಳೆಯ ಮೇವು. ಮೊದಲ ಕೆಲವು ವರ್ಷ ಕಾಂಡ ಎದ್ದಂತೆ ಕಾಣುವುದಿಲ್ಲ. ಬೇಸಿಗೆಯಲ್ಲಿ ಚಿಗುರು ಒಣಗುವುದೂ ಉಂಟು. ಸತ್ತಿತೆಂದು ಕಿತ್ತುಹಾಕಬಾರದು. ಆಗ ತಾಯಿಬೇರು ಕಲ್ಲಿನ ಸಂದುಗಳಲ್ಲಿ ಇಳಿಯುತ್ತಿರುತ್ತದೆ.

ಬಾರೆ: ಪುರ್ಲಹಳ್ಳಿಯ ಕ್ಯಾತಪ್ಪನ ಜಾತ್ರೆಯಲ್ಲಿ ಕಾಡುಗೊಲ್ಲರು ಕಟ್ಟುವ ಮುಳ್ಳಿನ ಗುಡಿಯಿಂದ ಈ ಗಿಡ ಎಲ್ಲರಿಗೂ ಪರಿಚಿತ. ಹೊಲದಲ್ಲಿ ತಾನಾಗಿ ಬೆಳೆದ ಬಾರೆಯನ್ನು ಬೇಸಿಗೆಯಲ್ಲಿ ಮೋಟು ಕಡಿದು, ಮಳೆಗಾಲದ ಹೊಸ ಚಿಗುರಿಗೆ ಉಮ್ರಾನ್‌ನಂಥ ತಳಿಯ ಕಣ್ಣು ಕಸಿ ಮಾಡಿದರೆ ಮಾರಾಟಕ್ಕೆ ಯೋಗ್ಯವಾದ ಹಣ್ಣು ದೊರೆಯುತ್ತದೆ.

ಹೊಂಗೆ, ಲಕ್ಕಿ, ತಂಗಡಿ, ಬಂದರಿಕೆ: ಇವುಗಳಿಗೆ ದನಕುರಿಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಆದ್ದರಿಂದ ಬೇಲಿಯ ಸಾಲಿಗೆ ಉತ್ತಮ. ಹೊಂಗೆ ಮತ್ತು ತಂಗಡಿ ಸೊಪ್ಪು ಹಸಿರೆಲೆ ಗೊಬ್ಬರವೂ ಆಗುತ್ತದೆ.

ಬಳ್ಳಾರಿ ಜಾಲಿಯ ಬಗ್ಗೆ ಎಚ್ಚರ

ಹೆಸರು ನಮ್ಮದಾದರೂ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಗಿಡ. ಸೌದೆಗೆ, ಇದ್ದಿಲಿಗೆ ಒದಗುತ್ತದೆಂಬುದು ನಿಜ. ಆದರೆ ಕಾಯಿ ತಿಂದ ಕುರಿ, ಮೇಕೆಗಳ ಹಿಕ್ಕೆಯ ಮೂಲಕ ಬೀಜ ಹೊಲ, ಹಳ್ಳ, ಕಾವಲುಗಳಿಗೆ ಹರಡಿ ಹುಲ್ಲನ್ನು ಅಡಗಿಸುತ್ತದೆ. ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ. ನೆಲದೊಳಗಿನ ಬುಡಸಮೇತ ಅಗೆದು ತೆಗೆಯಬೇಕು. ಬೇಲಿಗೆಂದು ಇದನ್ನು ಹೊಸದಾಗಿ ಬೆಳೆಸಬಾರದು.

ನೆಡುವ ಕ್ರಮ

ಏಪ್ರಿಲ್-ಮೇ ತಿಂಗಳಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಬೇಕು. ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಮೊದಲ ಹನಿಗೆ ಆತುರಪಡದೆ, ಗುಂಡಿಯ ಮಣ್ಣು ಆಳದವರೆಗೆ ನೆನೆದ ಮೇಲೆ ನೆಡಬೇಕು. ಚೀಲದಲ್ಲಿ ಬಹುಕಾಲ ಬೆಳೆದ ಎತ್ತರದ ಸಸಿಯಲ್ಲಿ ಬೇರು ಸುತ್ತಿಕೊಂಡಿರುತ್ತದೆ. ಎಳೆಯ ಸಸಿಯೇ ಲೇಸು. ಹೊಂಗೆ ಬೀಜವನ್ನು ನೇರವಾಗಿ ಊರಬಹುದು.

ಗಿಡದ ಇಳಿಜಾರಿನ ಬದಿಗೆ ಅರ್ಧಚಂದ್ರಾಕಾರದ ಏರಿ ಹಾಕಿದರೆ ಹರಿಯುವ ನೀರು ಬುಡದಲ್ಲಿ ನಿಂತು ಇಂಗುತ್ತದೆ. ಶೇಂಗಾ ಸಿಪ್ಪೆಯನ್ನು ಹೊದಿಕೆಯಾಗಿ ಹರಡಬಹುದು; ಗೆದ್ದಲು ಹತ್ತದಂತೆ ಅದನ್ನು ಕಾಂಡದಿಂದ ಒಂದು ಗೇಣು ದೂರವಿಡಬೇಕು. ಮೊದಲೆರಡು ಬೇಸಿಗೆಗಳಲ್ಲಿ ಹತ್ತು-ಹದಿನೈದು ದಿನಗಳಿಗೊಮ್ಮೆ ಒಂದು ಕೊಡ ನೀರು ಕೊಡಬೇಕು.

ಮರಗಳು ಶೇಂಗಾದ ತೇವವನ್ನು ಹೀರುತ್ತವೆಂಬ ರೈತರ ಆಕ್ಷೇಪಣೆ ಸರಿಯಾದುದೇ. ಗಿಡದ ಸಾಲಿಗೂ ಬೆಳೆಗೂ ನಡುವೆ ಎರಡಡಿ ಆಳದ ಕಾಲುವೆ ತೋಡಿ ಹರಡುಬೇರುಗಳನ್ನು ತಡೆಯಬೇಕು. ವರ್ಷಕ್ಕೊಮ್ಮೆ ರೆಂಬೆಗಳನ್ನು ಸವರಬೇಕು.

ಒಂದೇ ಜಾತಿಯನ್ನು ನೆಚ್ಚದೆ ಮೂರು-ನಾಲ್ಕು ಜಾತಿಗಳನ್ನು ಬೆರೆಸಿ ನೆಟ್ಟರೆ, ಒಂದು ಸೋತ ವರ್ಷ ಇನ್ನೊಂದು ಕೈಹಿಡಿಯುತ್ತದೆ. ಮೊದಲೆರಡು ಬೇಸಿಗೆ ದಾಟಿಸುವುದು ರೈತರ ಹೊಣೆ. ಬೇರು ಆಳಕ್ಕಿಳಿದ ಮೇಲೆ ಗಿಡಗಳು ತಮ್ಮನ್ನು ತಾವೇ ಕಾಯ್ದುಕೊಳ್ಳುತ್ತವೆ.